ಬರುತ್ತದೋ ಇಲ್ಲವೋ ಎಂದು ಕೇಳುವ ಕೆಲಸ

ನನಗೆ ಸಂಬಳ ಯಾತಕ್ಕೆ ಬರುತ್ತದೆ ಎನ್ನುವುದು ಉಮರ್ಗಾದ ನಮ್ಮ ಗಲ್ಲಿಯಲ್ಲಿ ಯಾರಿಗೂ ಸರಿಯಾಗಿ ಗೊತ್ತಿಲ್ಲ. ಎದುರು ಮನೆಯವರು ನಾನು ಆನ್‌ಲೈನ್ ಟ್ಯೂಷನ್ ಹೇಳುತ್ತೇನೆ ಎಂದುಕೊಂಡಿದ್ದಾರೆ. ಪಕ್ಕದ ಮನೆಯವರು ನಾನು ಷೇರುಪೇಟೆಯಲ್ಲಿ ಆಡುತ್ತೇನೆಂದು ನಂಬಿ, ಈಗ ಯಾವ ಕಂಪನಿಯದು ಏರಬಹುದು ಎಂದು ಕಾಂಪೌಂಡಿನ ಮೇಲಿಂದ ಮೆಲ್ಲಗೆ ಕೇಳುತ್ತಾರೆ. ನಾನು ಒಂದು ಕ್ಷಣ ಕಣ್ಣು ಮುಚ್ಚಿ, ಈ ವಾರ ಏನೂ ಬೇಡ ಎನ್ನುತ್ತೇನೆ. ಇಲ್ಲಿಯವರೆಗೆ ನನ್ನ ಸಲಹೆಯಿಂದ ಅವರಿಗೆ ಒಂದು ಪೈಸೆಯೂ ನಷ್ಟವಾಗಿಲ್ಲ.

ನಿಜವಾದ ಕೆಲಸ ಹೇಳಿದರೆ ಯಾರೂ ನಂಬುವುದಿಲ್ಲ. ಬ್ಯಾಂಕಿನವರು ಇಟ್ಟುಕೊಳ್ಳುವ ದೊಡ್ಡ ಮೆಷಿನ್ನಿಗೆ ಮೇನ್‌ಫ್ರೇಮ್ ಎನ್ನುತ್ತಾರೆ. ನೋಡಲು ಕಬ್ಬಿಣದ ಕಪಾಟು, ಒಳಗೆ ಊರೂರಿನ ಖಾತೆಗಳ ವ್ಯವಹಾರ. ಅದರ ಜೊತೆ ಅದರದೇ ಮಾತಿನಲ್ಲಿ ಮಾತಾಡುವುದಕ್ಕೆ ಅಸೆಂಬ್ಲರ್ ಎಂದು ಹೆಸರು. ಈ ಅಂಕಿ ತೆಗೆದುಕೋ, ಅದಕ್ಕೆ ಇದನ್ನು ಕೂಡಿಸು, ಅಲ್ಲಿ ಇಡು, ಹೀಗೆ ಒಂದೊಂದೇ ಆದೇಶ ಕೊಡುತ್ತ ಹೋಗಬೇಕು. ಹೊಸ ಮಾಡೆಲ್ ಬಂದಾಗಲೆಲ್ಲ ಅದಕ್ಕೆ ಕೆಲವು ಹೊಸ ಆದೇಶ ಕಲಿಸಿ ಕಳಿಸಿರುತ್ತಾರೆ. ಹಳೆಯ ಮೆಷಿನ್ನು ಹತ್ತು ಆದೇಶದಲ್ಲಿ ಮಾಡುವುದನ್ನು ಹೊಸದು ಒಂದರಲ್ಲಿ ಮುಗಿಸುತ್ತದೆ. ಆದರೆ ಆ ಹೊಸ ಆದೇಶವನ್ನು ಅದು ಬಾರದ ಮೆಷಿನ್ನಿಗೆ ಕೊಟ್ಟಿರೋ, ಅದು ತಲೆ ಕೆರೆದುಕೊಳ್ಳುವುದಿಲ್ಲ, ಏನೆಂದಿರಿ ಎಂದು ಕೇಳುವುದೂ ಇಲ್ಲ. ಪ್ರೋಗ್ರಾಮನ್ನು ನಿಂತ ನಿಲುವಿನಲ್ಲೇ ಕೆಡವಿಬಿಡುತ್ತದೆ. ಹಾಗಾಗಿ ಕೊಡುವ ಮೊದಲು ಇದು ನಿನಗೆ ಬರುತ್ತದೋ ಇಲ್ಲವೋ ಎಂದು ಪರೀಕ್ಷಿಸಬೇಕು. ಬಂದರೆ ಹೊಸ ದಾರಿ, ಬಾರದಿದ್ದರೆ ಹಳೆಯ ದಾರಿ. ಆ ಪರೀಕ್ಷೆ ಬರೆಯುವುದೇ ನನ್ನ ಕೆಲಸದ ದೊಡ್ಡ ಪಾಲು.

ಇದನ್ನು ಅತ್ತೆಗೆ ಒಮ್ಮೆ ಕೂತು ವಿವರಿಸಿದ್ದೆ. ಅವರು ಪೂಜೆ ಮುಗಿಸಿ, ಹಣೆಯ ವಿಭೂತಿ ಇನ್ನೂ ಹಸಿಯಿರುವಾಗಲೇ ತೊಗರಿ ಹಸನು ಮಾಡುತ್ತ ಕೇಳಿಸಿಕೊಂಡರು. ಕೊನೆಗೆ ಮೊರದಲ್ಲಿ ಒಮ್ಮೆ ಜೋರಾಗಿ ಕೇರಿ, "ಇದಕ್ಕ ಪಗಾರ ಕೊಡ್ತಾರ?" ಎಂದರು. ಕೊಡುತ್ತಾರೆ ಎಂದೆ. ತಾವು ಮದುವೆಯಾಗಿ ಈ ಊರಿಗೆ ಬಂದಾಗಿನಿಂದ ಇದೇ ಕೆಲಸ ಮಾಡುತ್ತಿರುವುದಾಗಿಯೂ, ತಮಗೆ ಯಾರೂ ಒಂದು ಚಹಾ ಕೂಡ ಕುಡಿಸಿಲ್ಲವೆಂದೂ ಹೇಳಿದರು.

ಅದು ಸುಳ್ಳಲ್ಲ. ಅತ್ತೆಯ ತವರು ಕಾಸಾರಶಿರಸಿ, ಉಮರ್ಗಾದಂತೆಯೇ ಗಡಿಯ ಮರಾಠಿ ಬದಿಯ ಊರು. ಅಲ್ಲಿ ಮನೆಯೊಳಗೆ ಕನ್ನಡ, ಸಂತೆಯಲ್ಲಿ ಅರ್ಧ ಕನ್ನಡ, ಕಚೇರಿಯಲ್ಲಿ ಮರಾಠಿ. ಉಮರ್ಗಾ ಹೈವೇ ಮೇಲಿನ ಊರು, ಇಲ್ಲಿ ಯಾರ ಬಾಯಲ್ಲಿ ಯಾವ ಮಾತಿದೆ ಎಂದು ಮುಖ ನೋಡಿ ಹೇಳಲು ಬರುವುದಿಲ್ಲ. ನಿಮಗೆ ಕನ್ನಡ ಬರುತ್ತದೇನು ಎಂದು ನೇರವಾಗಿ ಕೇಳಬಹುದಲ್ಲ ಎಂದರೆ, ಅದು ಈ ಕಡೆ ರೀತಿಯಲ್ಲ. ಬರುವುದಿಲ್ಲ ಎಂದು ಹೇಳಿಸುವುದು ಅವರಿಗೆ ಮುಖಭಂಗ. ಬರುತ್ತದೆ ಎಂದು ಹೇಳಿಸಿದರೆ ಇಷ್ಟೊತ್ತು ಯಾಕೆ ಮುಚ್ಚಿಟ್ಟಿರಿ ಎಂದಂತೆ. ಅದಕ್ಕೇ ಅತ್ತೆ ಬಸ್ಸಿನಲ್ಲಿ ಪಕ್ಕ ಕೂತವರ ಕಡೆ ನೋಡದೆ, ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತ, "ಉಸ್, ಏನ್ ಸೆಕಿ ಅದ" ಎಂದು ತಮ್ಮಷ್ಟಕ್ಕೆ ಅಂದುಕೊಳ್ಳುತ್ತಾರೆ. ಆಮೇಲೆ ಓರೆಗಣ್ಣಿನಲ್ಲಿ ನೋಡುತ್ತಾರೆ. ಪಕ್ಕದ ತಲೆ ಅಲ್ಲಾಡಿತೋ, ಕನ್ನಡ ಇದೆ. ಅಲ್ಲಾಡಲಿಲ್ಲವೋ, ಮರಾಠಿ ಮಾತು ನಾಲಿಗೆಯ ಹಿಂದೆ ತಯಾರಾಗಿ ನಿಂತೇ ಇರುತ್ತದೆ. ಚಳಿಗಾಲದಲ್ಲಿ ಕೂಡ ಸೆಕೆ ಎಂದೇ ಅನ್ನುತ್ತಾರೆ. ಪರೀಕ್ಷೆಗೆ ಹವಾಮಾನದ ಸಂಬಂಧವಿಲ್ಲ.

ನಾನು ಆಳಂದ ಕಡೆಯ ಹಳ್ಳಿಯವಳು. ಕಲಬುರಗಿಯಲ್ಲಿ ಓದಿ, ಪುಣೆಯಲ್ಲಿ ಕೆಲಸ ಹಿಡಿದಾಗ, ಬೇರೆಯವರಿಗೆಲ್ಲ ಹೊಸ ಹೊಸ ಕೆಲಸ ಸಿಕ್ಕಿ ನನ್ನ ಪಾಲಿಗೆ ಯಾರಿಗೂ ಬೇಡವಾದ ಈ ಅಸೆಂಬ್ಲರ್ ಬಂತು. ಮೊದಮೊದಲು ಅತ್ತುಕೊಂಡೆ. ಆಮೇಲೆ, ಇದು ಬರುವವರು ನಿವೃತ್ತರಾಗುತ್ತ ಹೋದಂತೆ ನನ್ನನ್ನು ಯಾರೂ ಮುಟ್ಟಲಾರರು ಎಂದು ತಿಳಿದು ಸುಮ್ಮನಾದೆ. ಮದುವೆಯಾದವನಿಗೆ ಉಮರ್ಗಾದಲ್ಲಿ ಪಂಪಿನ ಬಿಡಿಭಾಗಗಳ ಅಂಗಡಿ. ಮನೆಯಿಂದಲೇ ಕೆಲಸ ಮಾಡಬಹುದು ಎಂದಾದಾಗ ಕೆಲವು ದಿನದ ಮಟ್ಟಿಗೆ ಎಂದು ಇಲ್ಲಿಗೆ ಬಂದೆ. ಆ ಕೆಲವು ದಿನ ವರ್ಷಗಳಾದವು.

ನನ್ನ ಗಂಡ ಒಳ್ಳೆಯ ಮನುಷ್ಯ, ಆದರೆ ಕನ್ನಡದಲ್ಲಿ ಬೈಸಿಕೊಂಡು ಮರಾಠಿಯಲ್ಲಿ ಉತ್ತರ ಕೊಡುವವನು. ಅತ್ತೆ ಏನೇ ಹೇಳಲಿ, ಪೂರ್ತಿ ತಿಳಿಯುತ್ತದೆ, ಬಾಯಿಂದ ಮಾತ್ರ ಹೌದು ಎನ್ನಲೂ ಹೋ, ಹೋ ಎಂದೇ ಬರುತ್ತದೆ. ಮಾವ ತೀರಿಕೊಂಡ ಮೇಲೆ ಆ ಮನೆಯಲ್ಲಿ ಕನ್ನಡಕ್ಕೆ ಕನ್ನಡದಲ್ಲೇ ಉತ್ತರ ಕೊಡುವವರು ಇರಲಿಲ್ಲ. ನಾನು ಬಂದ ಮೊದಲ ದಿನವೇ ಅತ್ತೆ ನನ್ನ ಮುದ್ದೆಮುದ್ದೆಯಾದ ಜೋಳದ ಭಕ್ರಿ ನೋಡಿ ಏನೋ ಅಂದರು, ನಾನು ಹಿಟ್ಟೇ ಸರಿಯಿಲ್ಲ ಎಂದೆ. ಅಂದು ಶುರುವಾದದ್ದು ನಿಲ್ಲಲಿಲ್ಲ. ಅವರು ಒಂದು ಅಂದರೆ ನಾನು ಎರಡು, ಅದಕ್ಕೆ ಅವರು ನಾಲ್ಕು. ಹೊರಗಿನಿಂದ ಕೇಳಿದವರು ಈ ಅತ್ತೆ ಸೊಸೆ ಇವತ್ತೇ ಬೇರೆಯಾಗುತ್ತಾರೆ ಎಂದುಕೊಳ್ಳಬೇಕು. ನಮಗಿಬ್ಬರಿಗೂ ಅಡುಗೆ ಬೇಯುವವರೆಗೆ ಅದೊಂದು ಹೊತ್ತು ಕಳೆಯುವ ದಾರಿ.

ಇಂಥ ಸುಖದಲ್ಲಿರುವಾಗ ಪುಣೆಯ ನಮ್ಮ ಸಾಹೇಬರ ಫೋನು ಬಂತು. ಎಲ್ಲರೂ ಆಫೀಸಿಗೆ ವಾಪಸು ಬರಬೇಕಂತೆ. ನಾನು ಉಮರ್ಗಾದಲ್ಲಿ ಇಂಟರ್ನೆಟ್ ಚೆನ್ನಾಗಿದೆ, ಎಮ್ಮೆ ಹಾಲೂ ಸಿಗುತ್ತದೆ ಎಂದೆ. ಅವರು ನಗಲಿಲ್ಲ. ಕೊನೆಗೆ ಒಂದು ಮಾತು ಕೊಟ್ಟರು. ನನ್ನ ಕೈಯಲ್ಲಿ ಆಗ ಒಂದು ಹಳೆಯ ಪ್ರೋಗ್ರಾಮಿತ್ತು, ನನಗಿಂತ ವಯಸ್ಸಿನಲ್ಲಿ ದೊಡ್ಡದು. ಅದಕ್ಕೆ ಹೊಸ ಆದೇಶ ಹಾಕಿ ಓಟ ಹೆಚ್ಚಿಸುತ್ತಿದ್ದೆ. ಬ್ಯಾಂಕಿನವರು ಬೇರೊಂದು ಊರಿನಲ್ಲಿ ಮೀಸಲು ಮೆಷಿನ್ನು ಇಟ್ಟಿರುತ್ತಾರೆ, ದೊಡ್ಡದಕ್ಕೆ ಏನಾದರೂ ಆದರೆ ಅದು ಕೆಲಸಕ್ಕೆ ನಿಲ್ಲಬೇಕು. ಸದ್ಯದಲ್ಲೇ ಆ ಮೀಸಲು ಮೆಷಿನ್ನಿನ ತಾಲೀಮು ಇತ್ತು. ಅದರಲ್ಲಿ ನನ್ನ ಪ್ರೋಗ್ರಾಮು ಬೀಳದೆ ಮುಗಿದರೆ, ನಾನು ಉಮರ್ಗಾದಲ್ಲೇ ಇರಲಿ ಎಂದು ಮೇಲಿನವರಿಗೆ ತಾವೇ ಹೇಳುವುದಾಗಿ ಸಾಹೇಬರು ಅಂದರು. ಬಿದ್ದರೆ ಪುಣೆ.

ಮನೆಯಲ್ಲಿ ಹೇಳಿದೆ. ಗಂಡ ಹೈವೇ ಇದೆ, ಬಸ್ಸಿದೆ, ಶನಿವಾರ ಬರುತ್ತೇನೆ ಎಂದು ಮರಾಠಿಯಲ್ಲಿ ಸಮಾಧಾನ ಹೇಳಿದ. ಮಾರನೆಯ ಬೆಳಿಗ್ಗೆ ಅತ್ತೆ ಚಹಾ ಮುಂದಿಟ್ಟು ನನಗೆ "ಚಹಾ ಘೇ" ಎಂದರು.

ನಾನು ಹಿಂದೆ ತಿರುಗಿ ನೋಡಿದೆ, ಬೇರೆ ಯಾರಾದರೂ ಬಂದಿದ್ದಾರೇನೋ ಎಂದು. ಯಾರೂ ಇರಲಿಲ್ಲ. ನನಗೇ ಹೇಳಿದ್ದು, ಮರಾಠಿಯಲ್ಲಿ. ಅಂದಿನಿಂದ ಊಟಕ್ಕೆ ಕರೆಯುವುದು, ನೀರು ಬಂತು ಎನ್ನುವುದು, ಬಾಗಿಲು ಹಾಕಿಕೋ ಎನ್ನುವುದು, ಎಲ್ಲ ಮರಾಠಿ. ಬೈಗುಳ ನಿಂತೇಹೋಯಿತು. ನಾನು ಬೇಕೆಂದೇ ಸಾರಿಗೆ ಉಪ್ಪು ಸುರಿದು ನೋಡಿದೆ. ಅವರು ಸುಮ್ಮನೆ ಉಂಡು ಎದ್ದರು, ಗಂಡ ಮಾತ್ರ ಮೂರು ತಂಬಿಗೆ ನೀರು ಕುಡಿದ. ಇದು ಸಾಲದು ಎಂಬಂತೆ ಅತ್ತೆ ಖಾರ ಕುಟ್ಟಿಸಿದರು, ಶೇಂಗಾ ಹಿಂಡಿ ಮಾಡಿದರು, ಕಡಕ್ ರೊಟ್ಟಿ ಬಡಿದು ಹೊಸ ಡಬ್ಬಿಯಲ್ಲಿ ಜೋಡಿಸತೊಡಗಿದರು. ಇನ್ನೂ ತಾಲೀಮೇ ಆಗಿಲ್ಲ, ಇವರಿಗೆ ನನ್ನನ್ನು ಸಾಗಹಾಕುವ ಅವಸರ ನೋಡು ಎಂದುಕೊಂಡೆ. ಮನೆಯ ಸೊಸೆಯನ್ನು ನೆಂಟಳನ್ನಾಗಿ ಮಾಡುವುದಕ್ಕೆ ಮರಾಠಿಗಿಂತ ಒಳ್ಳೆಯ ಉಪಾಯ ಅವರಿಗೆ ಸಿಗುತ್ತಿರಲಿಲ್ಲ. ಆದರೆ ಯಾಕೆ ಹೀಗೆ ಎಂದು ಕೇಳಲಿಲ್ಲ. ಕೇಳುವುದು ರೀತಿಯಲ್ಲವಲ್ಲ.

ಆ ಸಿಟ್ಟಿನಲ್ಲೇ ಪ್ರೋಗ್ರಾಮು ಬರೆದು ಮುಗಿಸಿದೆ. ಮೆಷಿನ್ನಿಗೆ ಹೊಸ ಆದೇಶ ಬರುತ್ತದೋ ಇಲ್ಲವೋ ಎಂದು ತಿಳಿಯಲು ನಾನು ಹಿಡಿದದ್ದು ಸುಲಭದ ದಾರಿ. ಅದರ ಮಾಡೆಲ್ ಯಾವುದು ಎಂದು ನೋಡುವುದು. ಈ ಆದೇಶ ಇಂಥ ಮಾಡೆಲ್‌ನಲ್ಲಿ ಮೊದಲು ಬಂತು, ಅದೇ ಅಥವಾ ಅದಕ್ಕಿಂತ ಹೊಸದಾಗಿದ್ದರೆ ಬಂದೇ ಬರುತ್ತದೆ, ಮುಗಿಯಿತು. ಇದು ನಮ್ಮ ಗಡಿಯವರ ರಕ್ತದಲ್ಲೇ ಇರುವ ಲೆಕ್ಕ. ಕಾಸಾರಶಿರಸಿಯವರೇ? ಹಾಗಾದರೆ ಕನ್ನಡ. ಉದಗೀರದವರೇ? ಹಾಗಾದರೆ ಮರಾಠಿ. ಆದೇಶ ಬಾರದಿದ್ದಾಗ ಪ್ರೋಗ್ರಾಮು ಹೋಗಬೇಕಾದ ಜಾಗಕ್ಕೆ ಒಂದು ಹೆಸರಿಡಬೇಕು, ಹಳೆಯ ಪದ್ಧತಿಯಂತೆ ಎಂಟು ಇಂಗ್ಲಿಷ್ ಅಕ್ಷರದೊಳಗೆ. ನಾನು ಹಳೆದಾರಿ ಎಂದು ಇಟ್ಟೆ, ಎಂಟಕ್ಕೆ ಎಂಟು ಸರಿಯಾಗಿ ಕೂತಿತು. ಸಾಹೇಬರು ನೋಡಿ ಇದೇನು ಎಂದು ಕೇಳಿದರು. ಹಳೆಯ ಕೈಪಿಡಿಗಳಲ್ಲಿ ಬರುವ ಪದ ಎಂದೆ. ಅವರು ತಲೆಯಾಡಿಸಿ, ಆಮೇಲೆ ಒಂದು ಮೀಟಿಂಗಿನಲ್ಲಿ ಬೇರೆ ಹುಡುಗರಿಗೆ ಅದನ್ನು ವಿವರಿಸಿದರು. ನಾನು ನನ್ನ ಮೈಕು ಬಂದ್ ಮಾಡಿಕೊಂಡು ನಕ್ಕೆ.

ಪುಣೆಯ ಪರೀಕ್ಷಾ ಮೆಷಿನ್ನಿನಲ್ಲಿ ಪ್ರೋಗ್ರಾಮು ಕುದುರೆಯಂತೆ ಓಡಿತು. ತಾಲೀಮಿಗೆ ಇನ್ನು ಕೆಲವು ದಿನ ಉಳಿದಿದ್ದವು. ಅಷ್ಟರಲ್ಲಿ ಉದಗೀರಕ್ಕೆ ಹೋಗಬೇಕಾಗಿ ಬಂತು. ಅತ್ತೆಯ ತಮ್ಮನ ಮಗನಿಗೆ ಹೆಣ್ಣು ನೋಡುವುದಿತ್ತು. ಕಾಸಾರಶಿರಸಿಯ ಆ ಮನೆಗೆ ಹಿರಿಯರೆಂದರೆ ಅತ್ತೆಯೇ. ಅತ್ತೆಗೆ ತವರಿಗೆ ಬರುವ ಹುಡುಗಿಗೆ ಕನ್ನಡ ಬರಬೇಕು ಎಂದು ಆಸೆಯಿತ್ತು. ಆದರೆ ಉದಗೀರ ಪೇಟೆಯವರು, ಅಂಗಡಿಯ ಬೋರ್ಡು ಮರಾಠಿ, ಹುಡುಗಿ ಓದಿದ ಶಾಲೆ ಮರಾಠಿ, ಇನ್ನೆಲ್ಲಿಯ ಕನ್ನಡ ಎಂದು ಮೊದಲೇ ಕೈಬಿಟ್ಟಿದ್ದರು. ಕಾರಿನಲ್ಲಿ ಕಾಸಾರಶಿರಸಿಗೆ ಹೋಗಿ ವರನನ್ನು ಹತ್ತಿಸಿಕೊಂಡು, ನಿಲಂಗಾದಲ್ಲಿ ಹಣ್ಣು ಕೊಂಡು ಹೊರಟೆವು. ದಾರಿಯುದ್ದಕ್ಕೂ ಅತ್ತೆ ನನ್ನ ಜೊತೆ ಮರಾಠಿಯಲ್ಲೇ ಮಾತಾಡಿದರು. ನಾನು ಮುಖ ಊದಿಸಿಕೊಂಡು ಕಿಟಕಿಯ ಹೊರಗೆ ಸೋಯಾಬೀನ್ ನೋಡುತ್ತ ಕೂತೆ.

ಉದಗೀರದ ಮನೆ ಅಚ್ಚುಕಟ್ಟಾಗಿತ್ತು. ಜಗಲಿಯ ಮೇಲೆ ಹುಡುಗಿಯ ಅಜ್ಜಿ ಕೂತಿದ್ದರು. ಹಣೆಯಲ್ಲಿ ನಮ್ಮ ಅತ್ತೆಯಂಥದೇ ವಿಭೂತಿ, ಕೊರಳಲ್ಲಿ ಲಿಂಗ, ಕಣ್ಣು ಮಾತ್ರ ಪೊಲೀಸರದು. ಬಸಾ, ಬಸಾ ಎಂದು ಕೂರಿಸಿದರು. ಅತ್ತೆ ತಮ್ಮ ಸೆಕೆಯ ಪರೀಕ್ಷೆಯನ್ನು ಇಲ್ಲಿ ಮಾಡಲೇ ಇಲ್ಲ. ಅಗತ್ಯವಿಲ್ಲ ಎಂದು ಅವರಿಗೆ ಖಾತ್ರಿಯಿತ್ತು. ಎರಡೂ ಕಡೆಯ ಹಿರಿಯರು ಮರಾಠಿಯಲ್ಲಿ ಮಳೆ, ತೊಗರಿಯ ದರ, ಮಂಡಿನೋವು ಎಲ್ಲ ಮಾತಾಡಿದರು. ಇಬ್ಬರ ಮರಾಠಿಯೂ ಗಟ್ಟಿ ರೊಟ್ಟಿ ಮುರಿದಂತೆ ತುಂಡುತುಂಡಾಗಿ ಬರುತ್ತಿತ್ತು. ನನಗೆ ಆಗಲೇ ಅನುಮಾನ ಬರಬೇಕಿತ್ತು. ಆದರೆ ನಾನು ಆ ಹೊತ್ತಿಗೆ ಬೇರೆ ಖುಷಿಯಲ್ಲಿದ್ದೆ.

ಏಕೆಂದರೆ ಸುಸ್ಲಾ ಬಂದಿತ್ತು, ಒಗ್ಗರಣೆ ಹಾಕಿದ ಚುರುಮುರಿ. ಅತ್ತೆ ಒಂದು ತುತ್ತು ತಿಂದು, ಅಜ್ಜಿಯ ಕಡೆ ಮಂದಹಾಸ ಬೀರುತ್ತ, ನನ್ನ ಕಿವಿಯ ಹತ್ತಿರ ಬಂದು ಎಷ್ಟೋ ದಿನದ ಮೇಲೆ ಕನ್ನಡ ತೆಗೆದರು. ಸುಸ್ಲಾ ಒಣಗಿ ಹೊಲದ ರವದಿಯಾಗಿದೆ, ನುಂಗಲು ಹೋದರೆ ಗಂಟಲು ಗೀರುತ್ತದೆ ಎಂದರು. ನನಗೆ ಹಬ್ಬವಾಯಿತು. ನಾನೂ ಹಾಗೇ ನಗುಮುಖದಲ್ಲಿ, ಒಂದು ಬಕೆಟ್ಟು ನೀರು ತರಿಸಲೇ ಎಂದೆ. ಅಲ್ಲಿಂದ ಶುರು. ಕುರ್ಚಿಯ ಮೇಲಿನ ಬಟ್ಟೆ ಕಿಟಕಿಯ ಪರದೆಯಿಂದ ಹೊಲಿಸಿದ್ದು ಎಂದು ನಾನು. ಅಜ್ಜಿ ನಮ್ಮ ಹುಡುಗನ ಹಲ್ಲು ಎಣಿಸುತ್ತಿದ್ದಾರೆ, ಎತ್ತು ಕೊಳ್ಳಲು ಬಂದವರಂತೆ ಎಂದು ಅತ್ತೆ. ಎಲ್ಲ ಅವರ ಮೂಗಿನ ಕೆಳಗೇ, ಹೊಗಳುವವರ ದನಿಯಲ್ಲಿ. ಅಜ್ಜಿ ಪ್ರತಿ ಮಾತಿಗೂ ಸೌಮ್ಯವಾಗಿ ತಲೆಯಾಡಿಸುತ್ತಿದ್ದರು. ಒಳಗಿನ ಕೋಣೆಯಿಂದ ಯಾರೋ ಕೆಮ್ಮಿದಂತಾಯಿತು. ನನ್ನ ಗಂಡನೊಬ್ಬ ಹಿಂದೆಮುಂದೆ ನೋಡುತ್ತ ಬೆವರುತ್ತಿದ್ದ.

ಹುಡುಗಿ ಬಂದಳು, ಹೋದಳು, ಒಳ್ಳೆಯ ಹುಡುಗಿ. ಹೊರಡುವ ಹೊತ್ತಿಗೆ ಅಜ್ಜಿ ನನ್ನ ಉಡಿ ತುಂಬಿದರು. ಅಕ್ಕಿ, ಕೊಬ್ಬರಿ, ಕುಪ್ಪಸದ ಕಣ ಎಲ್ಲ ಸೆರಗಿಗೆ ಹಾಕಿ, ಅತ್ತೆಯ ಕೈ ಹಿಡಿದುಕೊಂಡು, ಅತ್ತೆಯ ತವರಿನ ಕಡೆಯದೇ ಆದ ಸ್ವಚ್ಛ ಕನ್ನಡದಲ್ಲಿ, "ಮುಂದಿನ ಸಲ ಬರ್ರಿ ಅಕ್ಕಾ, ಸುಸ್ಲಾಕ ನೀರ್ ಸೊಲ್ಪ ಜಾಸ್ತಿ ಹಾಕಸ್ತೀನಿ" ಎಂದರು.

ನನ್ನ ಉಡಿಯ ಅಕ್ಕಿ ಅರ್ಧ ಜಗಲಿಯ ಮೇಲೆ ಚೆಲ್ಲಿತು. ಒಳಗಿನ ಕೋಣೆಯಲ್ಲಿ ಕೆಮ್ಮುತ್ತಿದ್ದ ಹುಡುಗಿ ಈಗ ಬಾಯಿಬಿಟ್ಟೇ ನಗುತ್ತಿದ್ದಳು, ನಗುವಿನ ನಡುವೆ ತನ್ನ ತಾಯಿಗೆ ಏನೋ ಹೇಳಿದ್ದೂ ಕನ್ನಡದಲ್ಲೇ. ನನಗೆ ಕಾರಿನ ಡಿಕ್ಕಿಯಲ್ಲಿ ಹೋಗಿ ಕೂತುಕೊಳ್ಳಬೇಕು ಎನ್ನಿಸಿತು. ಅತ್ತೆ ಗಟ್ಟಿಗಿತ್ತಿ, ಸಾವರಿಸಿಕೊಂಡು, ನೀವಾದರೂ ಮೊದಲೇ ಯಾಕೆ ಕನ್ನಡ ಎತ್ತಲಿಲ್ಲ ಎಂದು ತಿರುಗಿಸಿ ಕೇಳಿದರು. ಅಜ್ಜಿ ಹೇಳಿದ್ದು ಇಷ್ಟು. ತವರು ಕಾಸಾರಶಿರಸಿಯಾದರೇನು, ನೀವು ಈಗ ಉಮರ್ಗಾದವರು, ಹೈವೇದವರು, ಸೊಸೆ ಕಂಪ್ಯೂಟರದವಳು, ನಿಮ್ಮ ಮನೆಯಲ್ಲಿ ಕನ್ನಡ ಎಲ್ಲಿ ಉಳಿದಿರುತ್ತದೆ ಎಂದುಕೊಂಡೆವು. ಆಮೇಲೆ ಉಳಿದಿದೆ ಎಂದು ತಿಳಿಯಿತು, ಆದರೆ ಆ ಹೊತ್ತಿಗೆ ನಿಮ್ಮ ಮಾತು ಕೇಳಲು ಎಷ್ಟು ಚಂದವಾಗಿತ್ತೆಂದರೆ ನಿಲ್ಲಿಸಲು ಮನಸ್ಸಾಗಲಿಲ್ಲ. ಇಬ್ಬರು ಮುದುಕಿಯರೂ ಒಬ್ಬರನ್ನೊಬ್ಬರು ನೋಡಿ, ಕಡೆಗೆ ಕೈ ಹಿಡಿದುಕೊಂಡೇ ನಕ್ಕರು. ಸಂಬಂಧ ಅಲ್ಲೇ ಕುದುರಿದಂತಾಯಿತು.

ವಾಪಸು ಬರುವಾಗ ಅತ್ತೆ ಕಾರಿನಲ್ಲಿ ನಿದ್ದೆ ಹೋದರು. ಉದಗೀರದವರು ಎಂದ ಮಾತ್ರಕ್ಕೆ ಹೀಗೆ, ಉಮರ್ಗಾದವರು ಎಂದ ಮಾತ್ರಕ್ಕೆ ಹಾಗೆ ಎಂದು ಅಂದುಕೊಂಡದ್ದರ ಪಜೀತಿ ನೆನೆದು ನಾನು ಒಬ್ಬಳೇ ನಗುತ್ತಿದ್ದೆ. ನಿಲಂಗಾ ಇನ್ನೂ ದಾಟಿರಲಿಲ್ಲ, ನಗು ಗಕ್ಕನೆ ನಿಂತಿತು. ನನ್ನ ಪ್ರೋಗ್ರಾಮೂ ಅದನ್ನೇ ತಾನೇ ಮಾಡುತ್ತಿರುವುದು? ಮೆಷಿನ್ನಿನ ಊರು ಕೇಳಿ ಮಾತು ಗೊತ್ತುಮಾಡುವುದು. ಮೀಸಲು ಮೆಷಿನ್ನು ಹೊಸ ಮಾಡೆಲೇ ಹೌದು. ಆದರೆ ಅದರೊಳಗೆ ಹಲವರ ವ್ಯವಸ್ಥೆಗಳನ್ನು ಬಿಡಾರ ಬಿಡಾರವಾಗಿ ಇಟ್ಟಿರುತ್ತಾರೆ. ಹಳೆಯ ಮೆಷಿನ್ನಿನ ಜೊತೆ ಹೊಂದಿಕೊಳ್ಳಲಿ ಎಂದು, ನೋಡಿಕೊಳ್ಳುವವರು ಕೆಲವು ಬಿಡಾರಗಳಿಗೆ ಹೊಸ ಆದೇಶಗಳನ್ನು ಕಾಣಿಸದಂತೆ ಮುಚ್ಚಿಡುವುದುಂಟು. ಮೆಷಿನ್ನಿಗೆ ಬರುತ್ತದೆ, ಆದರೆ ನಮ್ಮೆದುರು ಬರುವುದಿಲ್ಲ. ಥೇಟ್ ಉದಗೀರದ ಅಜ್ಜಿ.

ಹೆದರಿಕೆಯಾಯಿತು. ಕಾರಿನಲ್ಲಿ ಬಾಯಿ ತೆರೆದು ಮಲಗಿದ್ದ ಅತ್ತೆಯನ್ನು ನೋಡಿದೆ. ನನಗೆ ಪುಣೆಗೆ ಹೋಗುವ ಮನಸ್ಸು ಒಂದಿಷ್ಟೂ ಇಲ್ಲ ಎಂದು ಆಗ ಖಚಿತವಾಗಿ ಗೊತ್ತಾಯಿತು, ಅವರು ನನ್ನನ್ನು ಕಳಿಸಲು ಎಷ್ಟೇ ರೊಟ್ಟಿ ಬಡಿಯಲಿ.

ಮನೆಗೆ ಬಂದವಳೇ ಮಾಡೆಲ್ ನೋಡುವ ಭಾಗವನ್ನು ಕಿತ್ತುಹಾಕಿದೆ. ಮೆಷಿನ್ನನ್ನೇ ಕೇಳುವ ಒಂದು ಆದೇಶವಿದೆ. ನಿನಗೆ ಏನೇನು ಬರುತ್ತದೆ ಎಂದು ಕೇಳಿದರೆ ಅದು ಒಂದು ಮತ್ತು ಸೊನ್ನೆಗಳ ಸಾಲನ್ನು ಮುಂದಿಡುತ್ತದೆ. ಪ್ರತಿಯೊಂದು ವಿದ್ಯೆಗೂ ಆ ಸಾಲಿನಲ್ಲಿ ಒಂದು ಜಾಗ. ಒಂದು ಇದ್ದರೆ ಬರುತ್ತದೆ, ಸೊನ್ನೆ ಇದ್ದರೆ ಇಲ್ಲ. ಯಾವುದನ್ನಾದರೂ ಮುಚ್ಚಿಟ್ಟಿದ್ದರೆ ಅಲ್ಲಿಯೂ ಸೊನ್ನೆಯೇ. ಅದರಲ್ಲೂ ಒಂದು ತಮಾಷೆಯಿದೆ. ಈ ಪ್ರಶ್ನೆಯೇ ತೀರ ಹಳೆಯ ಮೆಷಿನ್ನುಗಳಿಗೆ ಅರ್ಥವಾಗುವುದಿಲ್ಲ, ಕೇಳಿದರೆ ಕೇಳಿದ್ದಕ್ಕೇ ಪ್ರೋಗ್ರಾಮನ್ನು ಕೆಡವುತ್ತವೆ. ಅದಕ್ಕೆ ಮೊದಲು ಚಿಕ್ಕ ಪ್ರಶ್ನೆ, ದೊಡ್ಡ ಪ್ರಶ್ನೆ ಕೇಳಬಹುದೇ ಎಂದು. ಕೇಳಬಹುದು ಎಂದರೆ ಆಮೇಲೆ ದೊಡ್ಡದು. ಸೆಕೆಯ ನೆಪ ತೆಗೆದು ಓರೆಗಣ್ಣು ಬಿಡುವಷ್ಟೇ ನಾಜೂಕು. ಸಾಹೇಬರು ಓಡುತ್ತಿರುವುದನ್ನು ಯಾಕೆ ಕೆಡಿಸುತ್ತೀ ಎಂದು ಗೊಣಗಿದರು. ನಾನು ಹಳೆದಾರಿಗೆ ಸ್ವಲ್ಪ ಮುರುಮ್ ಮಣ್ಣು ಹಾಕಿಸುತ್ತಿದ್ದೇನೆ ಎಂದೆ.

ತಾಲೀಮು ಒಂದು ಭಾನುವಾರ ಮಧ್ಯಾಹ್ನ. ಗಂಡ ಅಂಗಡಿಯಿಂದ ಹೆಚ್ಚಿನ ಬ್ಯಾಟರಿ ತಂದು ಇಟ್ಟಿದ್ದ. ಒಳ್ಳೆಯದಾಯಿತು, ಸರಿಯಾಗಿ ಶುರುವಾಗುವ ಹೊತ್ತಿಗೆ ಕರೆಂಟು ಹೋಯಿತು. ಪುಣೆಯಲ್ಲಿ ಕೂತ ಇನ್ನೊಬ್ಬನ ಪ್ರೋಗ್ರಾಮು ನನ್ನದಕ್ಕಿಂತ ಮುಂಚೆ ಸರದಿಯಲ್ಲಿತ್ತು. ಅವನೂ ಮಾಡೆಲ್ ನೋಡಿ ಹೊಸ ಆದೇಶ ಹಾಕಿದವನೇ. ಕಣ್ಣು ಮಿಟುಕಿಸುವುದರೊಳಗೆ ಅದು ಬಿತ್ತು, ತನಗೆ ತಿಳಿಯದ ಆದೇಶ ಎಂದು ಮೆಷಿನ್ನು ಹೇಳಿತು. ಆಮೇಲೆ ನನ್ನದು. ಮೊದಲು ಚಿಕ್ಕ ಪ್ರಶ್ನೆ ಕೇಳಿತು, ಬಳಿಕ ದೊಡ್ಡದು, ತನಗೆ ಬೇಕಾದ ಜಾಗದಲ್ಲಿ ಸೊನ್ನೆ ನೋಡಿತು, ಮರುಮಾತಾಡದೆ ಹಳೆದಾರಿಗೆ ಇಳಿಯಿತು. ಎತ್ತಿನ ಬಂಡಿಯಂತೆ ನಿಧಾನವಾಗಿ ನಡೆಯಿತು. ನಾನು ಉಗುರು ಕಚ್ಚುತ್ತ ಕೂತೆ. ಒಳಗೆ ಅಡುಗೆ ಮನೆಯಲ್ಲಿ ಅತ್ತೆ ಡಬ್ಬಿ ಮುಚ್ಚುವ ಸಪ್ಪಳ ಕೇಳುತ್ತಿತ್ತು. ಕೊನೆಗೆ ಬಂಡಿ ಊರು ಮುಟ್ಟಿತು, ಒಂದು ಪೈಸೆ ಹೆಚ್ಚುಕಡಿಮೆ ಇಲ್ಲದೆ.

ಸಾಹೇಬರು ಫೋನು ಮಾಡಿದರು. ಆ ಮೆಷಿನ್ನಿನಲ್ಲಿ ಅದನ್ನು ಮುಚ್ಚಿಟ್ಟಿದ್ದಾರೆಂದು ನನಗೆ ಯಾರು ತಿಳಿಸಿದರು ಎಂದು ಕೇಳಿದರು. ಉದಗೀರದ ಅಜ್ಜಿ ಎಂದೆ. ಅದು ಯಾವ ವೆಬ್‌ಸೈಟು ಎಂದರು. ಹುಡುಕಿದರೆ ಸಿಗುವುದಿಲ್ಲ ಸರ್, ಮನೆಗೇ ಹೋಗಬೇಕು ಎಂದೆ. ಇರಲಿ, ಕೊಟ್ಟ ಮಾತಿಗೆ ತಪ್ಪಲಿಲ್ಲ. ನೀನು ಅಲ್ಲೇ ಇರು ಎಂದರು.

ನಾನು ಫೋನು ಇಟ್ಟು ಅಡುಗೆ ಮನೆಗೆ ಹೋದೆ. ಅತ್ತೆ ನೆಲದ ಮೇಲೆ ಕೂತು ಒಂದು ದೊಡ್ಡ ಚೀಲಕ್ಕೆ ಡಬ್ಬಿಗಳನ್ನು ಇಳಿಸುತ್ತಿದ್ದರು. ನನ್ನ ಕಡೆ ನೋಡದೆ ಮರಾಠಿಯಲ್ಲಿ, ಆಯಿತೇ ಎಂದರು. ಆಯಿತು ಎಂದೆ. ಯಾವಾಗ ಹೊರಡುವುದು ಎಂದರು, ಅದೂ ಮರಾಠಿಯಲ್ಲಿ. ನನಗೆ ಸಿಟ್ಟು ನೆತ್ತಿಗೇರಿತು. ಆ ಸಿಟ್ಟಿನಲ್ಲಿ, ಮೆಷಿನ್ನನ್ನು ಎರಡೆರಡು ಸಲ ಕೇಳಿದವಳು ಈ ಮನುಷ್ಯರನ್ನು ಒಂದು ಸಲವೂ ಕೇಳಿಲ್ಲವಲ್ಲ ಎಂದು ಹೊಳೆಯಿತು. ರೀತಿ ಹಾಳಾಗಲಿ ಎಂದು ಎದುರಿಗೇ ಕೂತೆ.

"ಅತ್ತಿ, ಖರೇ ಹೇಳ್ರಿ. ನಾ ಹೋಗೋದು ನಿಮಗ ಬೇಕಾಗ್ಯದೇನು?"

ಅವರ ಕೈ ಚೀಲದಲ್ಲೇ ನಿಂತಿತು. ನನ್ನನ್ನು ಹುಚ್ಚಿಯನ್ನು ನೋಡುವಂತೆ ನೋಡಿದರು. ಓದಿದವಳು, ಮೆಷಿನ್ನಿನ ಕೆಲಸದವಳು, ಪುಣೆಯ ಮೇಲೇ ನಿನ್ನ ಮನಸ್ಸು ಎಂದುಕೊಂಡಿದ್ದೆ ಎಂದರು. ಕನ್ನಡದಲ್ಲಿ ಅಂದರು, ಆದರೆ ದನಿ ಬಹಳ ಸಣ್ಣದಿತ್ತು. ಹಾಗಾದರೆ ಆ ಮರಾಠಿ ಯಾಕೆ, ನನ್ನನ್ನು ಹೊರಗಿನವಳನ್ನಾಗಿ ಮಾಡುವುದಕ್ಕೋ ಎಂದು ಕೇಳಿದೆ.

"ರೂಢಿ ಮಾಡ್ಕೊಳ್ಳಾಕತ್ತಿದ್ದೆ," ಎಂದರು ಅತ್ತೆ. "ನೀ ಹೋದ ಮ್ಯಾಲ ನಾ ಯಾರ ಕೂಡ ಮಾತಾಡ್ಲಿ? ಕೊರಳಾಗಿನ ಲಿಂಗಪ್ಪನ ಕೂಡ ಕನ್ನಡ ಮಾತಾಡ್ತೀನಿ ಖರೆ, ಅಂವಾ ತಿರುಗಿ ಬಯ್ಯಂಗಿಲ್ಲ."

ನನಗೆ ಅಳು ಬಂತು, ಬಂದದ್ದನ್ನು ಮುಚ್ಚಿಡಲಿಲ್ಲ. ಅವರೂ ಸೆರಗಿನಿಂದ ಮೂಗು ಒರೆಸಿಕೊಂಡು, ಖಾರದ ಘಾಟು ಎಂದರು. ಖಾರದ ಡಬ್ಬಿಗೆ ಮುಚ್ಚಳ ಹಾಕಿತ್ತು. ಸಾಹೇಬರು ಹೇಳಿದ್ದನ್ನು ತಿಳಿಸಿದೆ. ಅತ್ತೆ ಚೀಲದಿಂದ ಡಬ್ಬಿಗಳನ್ನು ಒಂದೊಂದಾಗಿ ಹೊರಗೆ ತೆಗೆದರು. ಪುಣೆಗೆಂದು ಮಾಡಿದ್ದರಿಂದ ಎರಡು ಕಡಕ್ ರೊಟ್ಟಿ ಮುರಿದು, ಹಿಂಡಿ ಹಾಕಿ, ಎಣ್ಣೆ ಬಿಟ್ಟು ನನ್ನ ಮುಂದಿಟ್ಟರು. ನಾನು ತಿಂದು ನೋಡಿದೆ.

ಹಿಂಡಿಗೆ ಉಪ್ಪು ಹೆಚ್ಚಾಗಿದೆ ಎಂದೆ. ಅತ್ತೆ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು, ಮೊದಲು ನನ್ನ ನಾಲಿಗೆಯನ್ನು, ಆಮೇಲೆ ನನ್ನ ತವರಿನ ಅಡುಗೆಯನ್ನು, ಕೊನೆಗೆ ಆಳಂದ ತಾಲೂಕನ್ನು ಪೂರ್ತಿಯಾಗಿ ಬೈದರು, ಎಲ್ಲ ಕನ್ನಡದಲ್ಲಿ. ಅವರು ಉಸಿರು ತೆಗೆದುಕೊಳ್ಳುವವರೆಗೆ ಕಾದು, ನಾನು ತಿರುಗಿ ಬೈದೆ.